ಏಳನೇ ಫಾರಂ

"ಟೀಚರಮ್ಮಾ, ಮಡಿಸ್ತೀಯೋ, ಓದ್ತೀಯೋ?"

ಮೇಸ್ತ್ರಿ ಕೂಗಿದಾಗ ಅವಳ ಕೈ ಹಾಳೆಯ ಮೇಲೆ ಹಾಗೇ ನಿಂತಿತ್ತು. ಬೈಂಡಿಂಗ್ ಶೆಡ್ಡಿನಲ್ಲಿ ಎಂಟು ಜನ ಹೆಂಗಸರು ಸಾಲಾಗಿ ಕೂತು ಹಾಳೆ ಮಡಿಸುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಟೀಚರಮ್ಮ ಎಂಬ ಹೆಸರು ಬಿದ್ದದ್ದು ಈ ಚಾಳಿಯಿಂದಲೇ. ಕೈಗೆ ಬಂದ ಹಾಳೆಯನ್ನು ಓದದೆ ಮಡಿಸಿದರೆ ಅವಳಿಗೆ ಉಂಡ ಹಾಗಾಗುತ್ತಿರಲಿಲ್ಲ.

ಓದು ಎಂದರೂ ಅದು ಅರೆಬರೆ ಓದು. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗಿ ಬರುತ್ತವೆ. ಅದನ್ನು ಫಾರಂ ಎನ್ನುತ್ತಾರೆ. ಮೂರು ಮಡಿಕೆ ಹಾಕಿದರೆ ಪುಟಗಳು ಸಾಲಿಗೆ ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಫಾರಂ, ಸಾವಿರ ಪ್ರತಿ. ಹದಿನಾಲ್ಕು ವರ್ಷದಲ್ಲಿ ಅವಳು ನೂರಾರು ಪುಸ್ತಕಗಳ ನಡುವಿನ ಹದಿನಾರು ಪುಟಗಳನ್ನು ಓದಿದ್ದಳು. ಯಾರ ಮದುವೆ ಯಾರ ಜೊತೆ ಆಯಿತು, ಕೊಲೆ ಮಾಡಿದವನು ಸಿಕ್ಕಿಬಿದ್ದನೇ ಎಂಬುದು ಮಾತ್ರ ಅವಳಿಗೆ ತಿಳಿಯದು. ಅದಕ್ಕೆ ಅವಳೇನೂ ತಲೆ ಕೆಡಿಸಿಕೊಂಡವಳಲ್ಲ.

ಈ ಸಲದ್ದು ಹೆಂಗಸರ ಬದುಕಿನ ಪುಸ್ತಕ. ಕಾಡಿನವರು, ಬಯಲಿನವರು, ಎಲ್ಲ ಸೇರಿ ಇಪ್ಪತ್ತೆರಡು ಜನ ತಮ್ಮ ಕಥೆಯನ್ನು ತಾವೇ ಹೇಳಿದ್ದರು. ದೋಣಿ ನಡೆಸುವವಳೊಬ್ಬಳು, ಮರ ಕಡಿಯಲು ಬಂದ ಲಾರಿಗೆ ಅಡ್ಡ ಮಲಗಿದವಳೊಬ್ಬಳು. ಟೀಚರಮ್ಮನ ಪಾಲಿಗೆ ಬಂದದ್ದು ಏಳನೇ ಫಾರಂ, ತೊಂಬತ್ತೇಳರಿಂದ ನೂರಾ ಹನ್ನೆರಡನೇ ಪುಟದವರೆಗೆ. ಅದರ ಕೊನೆಯಲ್ಲಿ ಒಬ್ಬ ಸೂಲಗಿತ್ತಿಯ ಮಾತು ಶುರುವಾಗಿತ್ತು. ಹೆಸರು ಹಾಕಬೇಡಿ ಎಂದಿದ್ದಾಳೆ ಎಂದು ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕಾಡಿನಿಂದ ಒಕ್ಕಲೆಬ್ಬಿಸಿದ ಮೇಲೆ ಊರಿಗೆ ಬಂದವಳು. ಬ್ಲೇಡನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡು ಎದೆಮಟ್ಟದ ನೀರು ದಾಟಿ ಹೆರಿಗೆ ಮಾಡಿಸಿದವಳು. ಎಡಗೈಗೆ ಕಿರುಬೆರಳಿಲ್ಲ. ಅವಳಿ ಹೆಣ್ಣುಮಕ್ಕಳು.

ಕಿರುಬೆರಳಿನ ಸಾಲಿಗೆ ಬಂದಾಗಲೇ ಟೀಚರಮ್ಮನ ಕೈ ನಿಂತದ್ದು. ಅಮ್ಮನ ಕಥೆಯನ್ನು ಅಮ್ಮನಿಂದ ಕೇಳದೆ ಅಚ್ಚಿನ ಹಾಳೆಯಲ್ಲಿ ಓದಬೇಕಾಯಿತಲ್ಲ ಎಂದು ಮೊದಲು ಸಿಟ್ಟೇ ಬಂತು. ಹೋದ ವರ್ಷ ಮೂರು ಮಧ್ಯಾಹ್ನ ಯಾರೋ ಹೆಂಗಸು ಮನೆಗೆ ಬಂದು ಹೋದದ್ದನ್ನು ಪಕ್ಕದ ಮನೆಯವರು ಹೇಳಿದ್ದರು. ಯಾರಮ್ಮಾ ಎಂದು ಕೇಳಿದರೆ, "ಯಾರೋ ಬೆನ್ನುನೋವಿಗೆ ಔಷಧಿ ಕೇಳೋಕೆ ಬಂದಿದ್ರು" ಎಂದು ಅಮ್ಮ ಮುಖ ತಿರುಗಿಸಿದ್ದಳು.

ನೂರಾ ಹನ್ನೆರಡನೇ ಪುಟದ ಕೊನೆಯಲ್ಲಿ ಹೀಗಿತ್ತು:

"ಹೆರಿಗೆಗೆ ಕರೆದಿದ್ದ ಆ ಹೆಣ್ಣು ನನ್ನ ಕೈಯಲ್ಲೇ ಹೋದಳು, ಮಗು ಉಳಿಯಿತು. ನಮ್ಮದು ಅಂತ ಕೇಳಿಕೊಂಡು ಯಾರೂ ಬರಲಿಲ್ಲ. ಎರಡು ದಿನಕ್ಕೆ ನನಗೂ ಹೆರಿಗೆಯಾಯಿತು. ಹೊಕ್ಕುಳಬಳ್ಳಿಯನ್ನು ನಾನೇ ಕತ್ತರಿಸಿಕೊಂಡೆ. ಎರಡಕ್ಕೂ ಹಾಲು ಕೊಟ್ಟೆ, ಅವಳಿ ಅಂತ ಹೇಳಿದೆ. ಎಲ್ಲರೂ ನಂಬಿದರು. ಗುರುತಿಗೆ ಅಂತ, ನಾನು ಹೆರದ ಮಗುವಿನ ಎಡಗಿವಿಯ ಹಿಂದೆ ಮುಳ್ಳಿನ ತುದಿಯಿಂದ ಒಂದು ಮಸಿಯ ಚುಕ್ಕೆ ಚುಚ್ಚಿದೆ."

ಅಲ್ಲಿಗೆ ಪುಟ ಮುಗಿದಿತ್ತು. ಎಂಟನೇ ಫಾರಂ ಇನ್ನೂ ಅಚ್ಚಿನಿಂದ ಬಂದಿರಲಿಲ್ಲ. ಆ ಕಡೆಗೆ ಅವಳ ಯೋಚನೆಯೂ ಹೋಗಲಿಲ್ಲ.

ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಮಡಿಸುವವಳನ್ನು ಕೈಪಂಪಿನ ಹಿಂದೆ ಕರೆದಳು. ಬಾಯಿ ತೆರೆದರೆ ನಿಲ್ಲದವಳಾದ್ದರಿಂದ ಆಕೆಗೆ ಶೆಡ್ಡಿನಲ್ಲಿ ಮೀಟರ್ ಎಂದು ಹೆಸರು.

"ಕಿವಿ ಹಿಂದೆ ಏನೋ ಕಚ್ಚಿದ ಹಾಗಿದೆ, ನೋಡೇ."

ಮೀಟರ್ ಕೂದಲು ಸರಿಸಿ ನೋಡಿದಳು. "ಏನೂ ಕಚ್ಚಿಲ್ಲ. ಒಂದು ಚುಕ್ಕೆ ಇದೆ, ಹಸಿರು ಹಸಿರಾಗಿ. ಹಚ್ಚೆ ಹಾಕಿಸ್ಕೊಂಡಿದೀಯೇನೆ ಕಳ್ಳಿ? ಯಾರ ಹೆಸರಿಗೆ?"

ಅವಳು ಡಬ್ಬಿಯ ಊಟವನ್ನು ಹಾಗೇ ಮುಚ್ಚಿಟ್ಟಳು.

ಅನುಮಾನ ಒಂದು ಸಲ ಹೊಕ್ಕರೆ ಹಳೆಯದನ್ನೆಲ್ಲ ಕೆದಕುತ್ತದೆ. ಅಕ್ಕನನ್ನು ಹತ್ತನೇ ಕ್ಲಾಸಿನವರೆಗೆ ಓದಿಸಿದ್ದು, ತನ್ನನ್ನು ಏಳಕ್ಕೇ ಬಿಡಿಸಿ ಕೆಲಸಕ್ಕೆ ಹಚ್ಚಿದ್ದು. ಹೊಸ ಬಟ್ಟೆ ಅಕ್ಕನಿಗೆ ಮೊದಲು. ಅವಳಿಗಳಲ್ಲಿ ಒಬ್ಬಳನ್ನು ಅಕ್ಕ ಎಂದು ಕರೆಸಿದ್ದು ಯಾಕೆ, ಆ ಲೆಕ್ಕದಲ್ಲಿ ಎರಡು ದಿನ ಮೊದಲು ಹುಟ್ಟಿದವಳು ತಾನಲ್ಲವೇ? ತನಗೆ ಜ್ವರ ಬಂದಾಗ ಅಮ್ಮ ಹಗಲಿರುಳು ಪಕ್ಕದಲ್ಲಿ ಕೂತದ್ದೂ ನೆನಪಾಯಿತು. ಅದನ್ನೂ ಅವಳು ಬಿಡಲಿಲ್ಲ. ಬೇರೆಯವರ ಮಗುವಾದರೆ ಭಯ ಜಾಸ್ತಿ ಇರುತ್ತದೆ ಎಂದುಕೊಂಡಳು.

ಸಂಜೆ ಮನೆಗೆ ಬಂದಾಗ ಅಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾಲ್ಕೇ ಬೆರಳಿನ ಎಡಗೈ ಐದು ಬೆರಳಿನದಕ್ಕಿಂತ ಚುರುಕು. ತನ್ನ ಗಂಡ ತೀರಿಹೋದ ಮೇಲೆ ಈ ಎರಡು ಕೋಣೆಯಲ್ಲಿ ಅಮ್ಮ ಮತ್ತು ಅವಳು, ಇಬ್ಬರೇ.

"ಯಾಕೇ ಹಾಗೆ ನೋಡ್ತೀಯಾ? ನನಗೇನು ಕೊಂಬು ಬಂದಿದೆಯಾ?"

"ಏನಿಲ್ಲ. ಅಕ್ಕ, ನಾನು, ಇಬ್ಬರಲ್ಲಿ ನಿನ್ನ ಹಾಗಿರೋದು ಯಾರು?"

ಅಮ್ಮನ ಕೈ ನಿಂತಿತು. "ಯಾರು ಏನು ಹೇಳಿದ್ರು ನಿನಗೆ?"

"ಯಾರೇನು ಹೇಳ್ತಾರೆ? ಸುಮ್ನೆ ಕೇಳಿದೆ."

"ಸುಮ್ನೆ ಕೇಳೋಳಲ್ಲ ನೀನು." ಅಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಆದರೆ ಎಲೆಯನ್ನು ಕೆಳಗೆ ಹಾಕಿ ದಂಟನ್ನು ಬುಟ್ಟಿಗೆ ಹಾಕುತ್ತಿದ್ದಳು. ಅದನ್ನು ಮಗಳು ನೋಡಿದಳು, ನೋಡಿ ಅನುಮಾನ ಖಾತ್ರಿ ಮಾಡಿಕೊಂಡಳು.

ಅಮ್ಮನನ್ನು ನನ್ನ ಮನೆಗೆ ಕಳಿಸು ಎಂದು ಅಕ್ಕ ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಲೇ ಇದ್ದಳು. ಮೂರನೇ ಮಹಡಿ, ಮೆಟ್ಟಿಲು ಹತ್ತಿದರೆ ಅಮ್ಮನಿಗೆ ಉಸಿರು ಕಟ್ಟುತ್ತದೆ ಎಂದು ಇವಳೇ ಬಿಟ್ಟಿರಲಿಲ್ಲ. ಅಂದು ಅವಳೇ ಫೋನು ಮಾಡಿದಳು. "ನಾಡಿದ್ದು ಬಂದು ಅಮ್ಮನ್ನ ಕರ್ಕೊಂಡು ಹೋಗು. ಅಲ್ಲೇ ಇರ್ಲಿ." ಆ ಕಡೆಯಿಂದ ಅಕ್ಕ, "ಏನಾಯ್ತೇ? ಜಗಳಾನಾ?" ಎಂದು ಹತ್ತು ಸಲ ಕೇಳಿದಳು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನನ್ನಿಂದ ಏನು ತಪ್ಪಾಯ್ತು ಅಂತ ಹೇಳು, ಹೋಗ್ತೀನಿ."

"ತಪ್ಪೇನಿಲ್ಲ. ನಿನ್ನ ಮಗಳ ಮನೆಗೆ ತಾನೇ ಹೋಗ್ತಿರೋದು?"

ನಿನ್ನ ಎಂಬುದನ್ನು ಅವಳು ಒತ್ತಿ ಹೇಳಿದಳು. ಅಮ್ಮ ಎದ್ದು ಮಂಚದ ಕೆಳಗಿಂದ ಚೀಲ ಎಳೆದು, ಅದರ ಧೂಳು ಕೊಡವಿದಳು. ಮಗಳಿಗೆ ಗೆದ್ದ ಹಾಗೇನೂ ಆಗಲಿಲ್ಲ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ.

ಮೂರನೇ ದಿನ ಬೆಳಗ್ಗೆ ಎಂಟನೇ ಫಾರಂ ಬಂತು. ಅದು ಮೀಟರಿನ ಪಾಲಾಯಿತು. ಮೀಟರಿಗೆ ಓದಲು ಬಾರದು, ಚಿತ್ರ ನೋಡುವ ಹುಚ್ಚು ಮಾತ್ರ ಇತ್ತು.

"ಟೀಚರಮ್ಮಾ, ಇಲ್ನೋಡೇ, ಬರೀ ಕೈ ಫೋಟೋ ಹಾಕಿದಾರೆ. ಮುಖಕ್ಕೇನಾಗಿತ್ತೋ! ಅದರಲ್ಲೂ ಒಂದು ಬೆರಳಿಲ್ಲ. ಏನು ಬರೆದಿದೆ, ಓದಿ ಹೇಳು."

ಅವಳು ಬೇಡವೆಂದೇ ಮುಖ ತಿರುಗಿಸಿದಳು. ಆದರೆ ಆ ಕೈಯನ್ನು ನೋಡದೆ ಇರಲಾಗಲಿಲ್ಲ. ನೂರಾ ಹದಿಮೂರನೇ ಪುಟ. ಮೀಟರಿಗೆ ಕೇಳುವಂತೆ ಗಟ್ಟಿಯಾಗಿಯೇ ಓದತೊಡಗಿದಳು.

"ಹದಿನೈದು ದಿನಕ್ಕೆ ಆ ಚುಕ್ಕೆ ನನ್ನನ್ನೇ ತಿನ್ನತೊಡಗಿತು. ಎರಡೂ ಒಟ್ಟಿಗೆ ಅತ್ತಾಗ ಕೈ ತಾನಾಗಿ ಕಿವಿಯ ಹಿಂದೆ ಹೋಗುತ್ತಿತ್ತು. ಚುಕ್ಕೆ ಇಲ್ಲದ್ದನ್ನೇ ಮೊದಲು ಎತ್ತಿಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಅನುಮಾನ ಬಂತು. ಆ ಮುಳ್ಳನ್ನೇ ಹುಡುಕಿ ತಂದು ಇನ್ನೊಂದಕ್ಕೂ ಚುಚ್ಚಿದೆ. ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಮಲಗಿಸಿದೆ."

ಅವಳ ದನಿ ಇಳಿಯಿತು. ಮುಂದಿನ ಸಾಲು ಕಥೆ ಬರೆದುಕೊಂಡ ಹೆಂಗಸಿನದು. "ಈಗಲೂ ಯಾವುದು ಯಾವುದೆಂದು ನಿಮಗೆ ಗೊತ್ತಿದೆಯೇ ಎಂದು ಕೇಳಿದೆ. ಅಜ್ಜಿ ನಕ್ಕಳು. ಮರೀಲಿ ಅಂತ ತಾನೇ ಚುಚ್ಚಿದ್ದು, ಎಂದಳು."

"ಆಮೇಲೆ?" ಎಂದಳು ಮೀಟರ್. "ಆಮೇಲೇನಾಯ್ತೇ? ಯಾಕೆ ಅಳ್ತಿದೀಯಾ?"

ಮೇಸ್ತ್ರಿಯನ್ನು ಕೇಳದೆಯೇ ಅವಳು ಶೆಡ್ಡಿನಿಂದ ಹೊರಟಳು. ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು, ಮೀಟರ್ ಅವನಿಗೆ ಏನೋ ಎದುರು ಮಾತಾಡಿದ್ದೂ ಕೇಳಿಸಿತು.

ಮನೆಯ ಮುಂದೆ ಆಟೋ ನಿಂತಿತ್ತು. ಅಮ್ಮ ಒಗೆದ ಸೀರೆ ಉಟ್ಟು ಮಂಚದ ತುದಿಯಲ್ಲಿ, ಬೇರೆ ಯಾರದೋ ಮನೆಯಲ್ಲಿ ಕೂತವಳಂತೆ ಕೂತಿದ್ದಳು. ಅಕ್ಕ ಚೀಲದ ಜಿಪ್ಪು ಎಳೆಯಲು ಬಗ್ಗಿದ್ದಳು. ಅವಳ ಕೂದಲು ಮುಂದಕ್ಕೆ ಜಾರಿತ್ತು. ಎಡಗಿವಿಯ ಹಿಂದೆ, ಸಾಸಿವೆಯಷ್ಟು, ಹಸಿರು ಚುಕ್ಕೆ.

"ಬಂದ್ಯಾ? ತಡ ಆಯ್ತು, ಹೊರಡ್ತೀವಿ" ಎಂದು ಅಕ್ಕ ತಲೆ ಎತ್ತಿದಳು. "ಏನಾಗಿದೆ ನಿನಗೆ? ಮುಖ ಯಾಕೆ ಹೀಗಿದೆ?"

ಅವಳು ಅಕ್ಕನ ಕೈಯಿಂದ ಚೀಲ ಕಿತ್ತುಕೊಂಡು ಮಂಚದ ಮೇಲೆ ಸುರಿದಳು. ಎರಡು ಸೀರೆ, ಒಂದು ಶಾಲು, ಎಣ್ಣೆಯ ಬಾಟಲಿ.

"ಆಟೋದವನಿಗೆ ಹೋಗು ಅಂತ ಹೇಳು. ಅಮ್ಮ ಎಲ್ಲಿಗೂ ಬರಲ್ಲ. ನೀನು ಬೇಕಾದ್ರೆ ಎರಡು ದಿನ ಇದ್ದು ಹೋಗು."

"ಇದೇನೇ ಹುಚ್ಚಾಟ!"

ಅಮ್ಮ ಕಣ್ಣು ಕಿರಿದು ಮಾಡಿ ಒಬ್ಬಳನ್ನು ನೋಡಿದಳು, ಆಮೇಲೆ ಇನ್ನೊಬ್ಬಳನ್ನು. "ಮೊನ್ನೆ ಹೋಗು ಅಂದೆ, ಇವತ್ತು ಬೇಡ ಅಂತೀಯಾ. ಏನೋ ಮುಚ್ಚಿಡ್ತಿದೀಯಾ ನೀನು."

"ಏನಿಲ್ಲಮ್ಮ."

"ಏನೋ ಇದೆ."

ಅವಳು ಒಂದು ಸೀರೆ ಎತ್ತಿಕೊಂಡು ಮಡಿಸತೊಡಗಿದಳು. ಅಂಚಿಗೆ ಅಂಚು ಕೂಡಿಸಿ ಒಂದು ಮಡಿಕೆ, ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮೂರನೆಯದು. ಪ್ರತಿ ಮಡಿಕೆಯನ್ನೂ ಹೆಬ್ಬೆರಳ ಉಗುರಿನಿಂದ ಈ ತುದಿಯಿಂದ ಆ ತುದಿಗೆ ಗೀರಿ ಕೂರಿಸಿದಳು.

"ಅದೇನು ಕಾಗದ ಅಂದ್ಕೊಂಡ್ಯೇನೆ?" ಎಂದಳು ಅಮ್ಮ. ಎಂದವಳು ಇನ್ನೊಂದು ಸೀರೆಯ ತುದಿಯನ್ನು ನಾಲ್ಕು ಬೆರಳಿನಲ್ಲಿ ಹಿಡಿದು, ಮತ್ತೊಂದು ತುದಿಯನ್ನು ಅಕ್ಕನ ಕಡೆಗೆ ಎಸೆದಳು.