ಆರ್ವಿಡ್ ಲುಂಡ್‌ನ ಜಾಗ

ವಾಷಿಂಗ್ಟನ್ ಸೀಮೆಯ ಆ ಪ್ಲೈವುಡ್ ಮಿಲ್ಲಿಗೆ ಧಣಿ ಅಂತ ಯಾರೂ ಇರಲಿಲ್ಲ. ದುಡಿಯುವ ಸದಸ್ಯರೇ ಒಡೆಯರು. ಹೊಸಬನೊಬ್ಬ ಸದಸ್ಯನಾಗಬೇಕೆಂದರೆ ಹಳಬನೊಬ್ಬನ ಜಾಗ ತೆರವಾಗಬೇಕು, ಯಾರಾದರೂ ಅವನ ಹೆಸರು ಸೂಚಿಸಬೇಕು, ಸಭೆ ಕೈಯೆತ್ತಿ ಒಪ್ಪಬೇಕು. ಟೊಯ್ವೊ ಹಕಾಲಾ ಅಲ್ಲಿ ಕೂಲಿಯಾಳಾಗಿ ಆರು ವರ್ಷ ಕಾದಿದ್ದ.

ತೆರವಾದದ್ದು ಅವನಿಗೆ ಕೆಲಸ ಕಲಿಸಿದ ಆರ್ವಿಡ್ ಲುಂಡ್‌ನ ಜಾಗ. ಅಕ್ಟೋಬರಿನ ಒಂದು ಮಂಗಳವಾರ ಆರ್ವಿಡ್ ನಡೆಸುತ್ತಿದ್ದ ಗರಗಸಕ್ಕೆ ರಕ್ಷಣೆಗೆಂದು ಮುಚ್ಚಿದ್ದ ತಗಡು ಕಳಚಿಬಿದ್ದು, ಅಲಗು ಅವನಿಗೆ ತಾಗಿತು. ಆಸ್ಪತ್ರೆ ಮುಟ್ಟುವ ಮೊದಲೇ ಆರ್ವಿಡ್ ಹೋಗಿಬಿಟ್ಟ. ತಗಡು ಸಡಿಲವಾಗಿದ್ದುದನ್ನು ಟೊಯ್ವೊ ವಾರದ ಹಿಂದೆಯೇ ನೋಡಿದ್ದ. ಆದರೆ ಬಾಯಿಬಿಡಲಿಲ್ಲ. ತಕರಾರು ತೆಗೆಯುವ ಕೂಲಿಯಾಳಿಗೆ ಯಾರು ಕೈಯೆತ್ತುತ್ತಾರೆ?

ಮಣ್ಣಾದ ಮರುವಾರ ಆರ್ವಿಡ್‌ನ ಹೆಂಡತಿ ಸಿಗ್ನೆ ಟೊಯ್ವೊನನ್ನು ಕರೆಸಿ ಹೇಳಿದಳು: "ನಿನ್ನ ಸೇರಿಸ್ಬೇಕು ಅಂತ ಅವರಿಗೆ ಬಹಳ ಇತ್ತು ಕಣಪ್ಪ. ಅಧ್ಯಕ್ಷರಿಗೆ ನಾನೇ ನಿನ್ ಹೆಸರು ಹೇಳಿ ಬಂದೆ."

ಅವನು ಟೋಪಿ ಹಾಕಿಕೊಂಡು ಹೊರಟುಬಂದ. ಸಭೆಯಲ್ಲಿ ಮಾತ್ರ, ಅಧ್ಯಕ್ಷ ಹಾಲ್ವರ್ ಅವನ ಹೆಸರು ಕೂಗುತ್ತಲೇ ಟೊಯ್ವೊ ಎದ್ದು ನಿಂತ.

"ತಗಡು ಅಲ್ಲಾಡ್ತಿದ್ದಿದ್ದು ನಂಗೆ ಗೊತ್ತಿತ್ತು. ಹೇಳ್ಲಿಲ್ಲ. ಯೋಚ್ನೆ ಮಾಡಿ ಕೈ ಎತ್ತಿ."

ಹಾಲ್ವರ್ ಕನ್ನಡಕ ತೆಗೆದ.

"ಕೂತ್ಕೊಳೋ. ನಿಂಗೊಬ್ಬನಿಗೇನಾ ಗೊತ್ತಿದ್ದಿದ್ದು? ಮಿಲ್ಲು ನಿಲ್ಸಿ ರಿಪೇರಿ ಮಾಡೋಣ್ವಾ ಅಂತ ಬೇಸಿಗೇಲೇ ಮಾತಾಗಿತ್ತು. ಚಳಿಗಾಲಕ್ಕೆ ನೋಡೋಣ ಅಂತ ಕೈ ಎತ್ತಿದ್ವಿ. ಆರ್ವಿಡ್ಡೂ ಎತ್ತಿದ್ದ."

"ಸದಸ್ಯನಾಗೋಕೆ ಮುಂಚೆನೇ ನಮ್ ಥರ ಆಗಿದಾನೆ ಬಿಡಿ," ಎಂದ ಹಿಂದಿನ ಸಾಲಿನವನೊಬ್ಬ. ಕೈಗಳೆಲ್ಲ ಮೇಲೆದ್ದವು.

ಟೊಯ್ವೊ ಪುಸ್ತಕದಲ್ಲಿ ರುಜು ಹಾಕಿ, ಲೇಖನಿ ಕೆಳಗಿಡದೆ ಕೇಳಿದ: "ಈಗ ನಾನೂ ಸದಸ್ಯ ತಾನೆ? ಹಾಗಾದ್ರೆ ಬರ್ಕೊಳ್ಳಿ. ಎಲ್ಲಾ ಗರಗಸಾನೂ ಸರಿಹೋಗೋವರ್ಗೂ ಮಿಲ್ಲು ನಿಲ್ಲಿಸ್ಬೇಕು."

"ಎಷ್ಟು ದಿನ?" ಎಂದ ಹಾಲ್ವರ್.

"ಮೂರು ವಾರ."

"ಮೂರು ವಾರ ಮನೇಲಿ ಏನಪ್ಪಾ ಬೇಯ್ಸೋದು, ತಗಡಾ?" ಎಂದು ಸಭೆಯಲ್ಲೊಬ್ಬ ಕೂಗಿದ.

ಹಾಲ್ವರ್ ಮತಕ್ಕೆ ಹಾಕಿದ. ನೂರಾ ಇಪ್ಪತ್ತು ಜನರಲ್ಲಿ ಎದ್ದದ್ದು ಹನ್ನೊಂದು ಕೈ. ಆರ್ವಿಡ್ ಸತ್ತ ಗರಗಸಕ್ಕೆ ಮಾತ್ರ ಈಗ ಹೊಸ ತಗಡು, ಉಳಿದವಕ್ಕೆ ಮುಂದಿನ ಬೇಸಿಗೆ ಎಂದು ತೀರ್ಮಾನವಾಯಿತು.

ಸೋಮವಾರ ಬೆಳಗ್ಗೆ ಹೊಸ ಸದಸ್ಯನನ್ನು ಇನ್ನೂ ರಿಪೇರಿಯಾಗದ ಎರಡನೆಯ ಗರಗಸಕ್ಕೆ ಹಾಕಿದರು. ಟೊಯ್ವೊ ಅದರ ಅಲ್ಲಾಡುವ ತಗಡಿಗೆ ತಂತಿ ಸುತ್ತಿ, ಬೆರಳು ಕೊಯ್ದುಕೊಳ್ಳುವಷ್ಟು ಬಿಗಿದು, ಯಂತ್ರ ಶುರುಮಾಡಿದ.