ಬಾಳೆದಂಟಿನ ಕುದುರೆ, ತೊಂಬತ್ತೊಂಬತ್ತು ಸುತ್ತು

ಥವಿಲ್ ಮೇಷ್ಟ್ರ ಸೊಂಟ ವಾಸಿಯಾಗಿ ಇಪ್ಪತ್ತೆರಡು ದಿನವಾಗಿತ್ತು. ಈ ಸಂತೋಷದ ಸುದ್ದಿಯನ್ನು ಅವರು ಹೆಂಡತಿಗೆ ಹೇಳಿರಲಿಲ್ಲ. ಹೇಳುವ ಉದ್ದೇಶವೂ ಇರಲಿಲ್ಲ. ಹೇಳಿದರೆ ಕುದುರೆ ಏರಬೇಕಾಗುತ್ತಿತ್ತು.

ನಿಜವಾದ ಕುದುರೆಯಾಗಿದ್ದರೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಬಾಳೆ ಎಲೆಯನ್ನು ಸೀಳಿ ತೆಗೆದ ಮೇಲೆ ಉಳಿಯುವ ನಡುದಂಟಿನ ತುದಿ ಬಗ್ಗಿಸಿ, ಬಿದಿರುಕಡ್ಡಿ ಚುಚ್ಚಿ ತಲೆ ಮಾಡಿ, ಎರಡು ಸೀಳು ಎಬ್ಬಿಸಿ ಕಿವಿ ಮಾಡಿ, ಐದು ವರ್ಷದ ಮಕ್ಕಳು ಕಾಲಸಂದಿಗೆ ಸಿಕ್ಕಿಸಿಕೊಂಡು ಓಡುತ್ತಾರಲ್ಲ, ಆ ಕುದುರೆ. ಬಾಂಗ್ ತಾನ್ ಪೇಟೆಯ ವಿಹಾರದಲ್ಲಿ ಕರಿಯಜ್ಜ ಕೂತಿದ್ದಾನೆ. ಒಂದು ಕಾಲದಲ್ಲಿ ಅಲ್ಲಿಯ ಗುರುವಾಗಿದ್ದ ಭಿಕ್ಷು. ಈಗ ಊದುಬತ್ತಿಯ ಹೊಗೆಗೆ ಕಪ್ಪಾದ ವಿಗ್ರಹ. ಬೇರೆ ಊರಿನ ದೇವರುಗಳು ಕೇಳುವ ಹಂದಿತಲೆ, ಬೇಯಿಸಿದ ಮೊಟ್ಟೆ ಇವನಿಗೆ ಬೇಡ. ಬೇಡಿಕೊಂಡದ್ದು ಕೈಗೂಡಿದರೆ ಬಾಳೆದಂಟಿನ ಕುದುರೆ ಏರಿ ತನ್ನ ಗುಡಿಯ ಸುತ್ತ ಓಡಬೇಕು, ಸುತ್ತಿಗೊಮ್ಮೆ ಕೆನೆಯಬೇಕು. ಕೆನೆಯದ ಸುತ್ತು ಲೆಕ್ಕಕ್ಕಿಲ್ಲ.

ಹರಕೆ ಹೊತ್ತವಳು ಹೆಂಡತಿ ಲಮೂನ್, ಓಡಬೇಕಾದವರು ಗಂಡ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುವ ಹಾಗೆ ಯಾರದೋ ಕಾಲು, ಕರಿಯಜ್ಜನ ಹರಕೆ. ಜನ ಸಾಮಾನ್ಯವಾಗಿ ಒಂಬತ್ತು ಸುತ್ತು ಹೇಳಿಕೊಳ್ಳುತ್ತಾರೆ. ಲಮೂನ್ ಕೈ ದೊಡ್ಡದು, ತೊಂಬತ್ತೊಂಬತ್ತು ಹೇಳಿಬಂದಿದ್ದಳು.

"ಒಂಬತ್ತಕ್ಕೆ ಅಜ್ಜ ಜ್ವರ ವಾಸಿ ಮಾಡ್ತಾನೆ ಕಣ್ರೀ. ಸೊಂಟ ಅಂದ್ರೆ ದೊಡ್ಡ ಕೀಲು," ಎಂದು ಅವಳ ಸಮಜಾಯಿಷಿ.

ಮೇಷ್ಟ್ರು ಮೂವತ್ತನಾಲ್ಕು ವರ್ಷ ಊರಿನ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದವರು. ತಡವಾಗಿ ಬಂದರೆ ಮೈದಾನಕ್ಕೆ ಎರಡು ಸುತ್ತು, ಅಂಗಿ ಹೊರಗಿದ್ದರೆ ಮೂರು, ಮೇಷ್ಟ್ರನ್ನು ನೋಡಿ ನಕ್ಕರೆ ಹತ್ತು. ಪೇಟೆಯ ಮೀನಿನವರು, ಕಟುಕರು, ಔಷಧಿ ಅಂಗಡಿಯವರು, ಪೊಲೀಸ್ ಪೇದೆ, ಎಲ್ಲರೂ ಅವರ ಸೀಟಿಗೆ ಓಡಿ ಬೆವರಿದವರೇ. ಈಗ ಅವರೆಲ್ಲ ಸಾಲಾಗಿ ನಿಂತು ನೋಡುತ್ತಿರಲು, ಅರವತ್ತೊಂದರ ವಯಸ್ಸಿನಲ್ಲಿ, ಕಾಲಸಂದಿಯಲ್ಲಿ ಬಾಳೆದಂಟು ಸಿಕ್ಕಿಸಿಕೊಂಡು ಕೆನೆಯುವುದೆಂದರೆ! ಮಾಡಿದ್ದುಣ್ಣೋ ಮಹಾರಾಯ ಎಂದು ಊರು ಕಾದು ಕೂತಿದೆ ಎಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಸೊಂಟ ಹೋದದ್ದೂ ಮರ್ಯಾದೆಯ ವಿಷಯಕ್ಕೇ. ಹದಿನಾಲ್ಕು ತಿಂಗಳ ಹಿಂದೆ ಜಿಲ್ಲೆಯ ಅರ್ಧ ಮ್ಯಾರಥಾನಿನಲ್ಲಿ ಕೊನೆಯ ಇನ್ನೂರು ಮೀಟರು ಉಳಿದಿತ್ತು. ಮುಂದೆ ಒಂದು ಅಗಲವಾದ ಬೆನ್ನು ಕಂಡಿತು. ಅದು ಉವಾನ್‌ನ ಬೆನ್ನು. ಮೋಟರ್‌ಸೈಕಲ್ಲಿನಲ್ಲಿ ಜನರನ್ನು ಕೂರಿಸಿಕೊಂಡು ಪೇಟೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಪೇಟೆಗೆ ಬಿಡುವ ಉವಾನ್; ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುತ್ತು ಓಡಿದ ದಡ್ಡ. ಅವನು ತನಗಿಂತ ಮುಂದೆ! ಮೇಷ್ಟ್ರ ರಕ್ತ ಕುದಿಯಿತು. ಹಾರಿದರು. ಸೊಂಟದ ಕೀಲಿನಲ್ಲಿ ಟಕ್ ಎಂದಿತು. ಉವಾನ್‌ನನ್ನು ಎರಡು ಹೆಜ್ಜೆಯಿಂದ ಸೋಲಿಸಿದ ಮೇಷ್ಟ್ರನ್ನು ಆಮೇಲೆ ಅದೇ ಉವಾನ್ ಆಸ್ಪತ್ರೆಗೆ ಹೊತ್ತುಕೊಂಡು ಹೋದ.

ಅಲ್ಲಿಂದ ಮುಂದೆ ಮೂರು ಸಲ ವಾಸಿಯಾಯಿತೆಂದು ಎದ್ದು ಓಡಿ, ಮೂರು ಸಲ ಮತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಕುಂಗ್ ಕೂಡ ಹಳೇ ವಿದ್ಯಾರ್ಥಿನಿ. ನಾಲ್ಕನೇ ಸಲ ಅವಳು ಬೆರಳು ತೋರಿಸಿ ಹೇಳಿದಳು: "ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ನಿಮಿಷ ಅಂದ್ರೆ ಗಡಿಯಾರದ್ದು ಸಾರ್, ನಿಮ್ಮದಲ್ಲ. ಈ ಸಲ ಮೀರಿದ್ರೆ ಓಟ ಮರೆತುಬಿಡಿ."

ಮೇಷ್ಟ್ರು ಮೀರಲಿಲ್ಲ. ಬೆಳಗಿನ ಜಾವ ಎದ್ದು ಊರುಗೋಲು ಹಿಡಿದು, ಕುಂಟುತ್ತಾ ಕಾಲುವೆಯ ತನಕ ಹೋಗುವರು. ಹುಣಸೆಮರದ ಬುಡದಲ್ಲಿ ಊರುಗೋಲು ಬಚ್ಚಿಡುವರು. ಒಂದು ನಿಮಿಷ ಓಡುವರು. ಆ ಒಂದು ನಿಮಿಷಕ್ಕೆ, ಕಾಲಕೆಳಗಿನ ಆ ಮಣ್ಣಿನ ಸದ್ದಿಗೆ ಅವರ ಕಣ್ಣು ತುಂಬುತ್ತಿತ್ತು. ಹದಿನಾಲ್ಕು ತಿಂಗಳು ತಾನು ಬರೀ ಮುದುಕನಾಗಿದ್ದೆ ಎನಿಸುತ್ತಿತ್ತು. ಆಮೇಲೆ ಮತ್ತೆ ಕುಂಟುತ್ತಾ ಮನೆಗೆ. ಯಾವ ಕಾಲು ಕುಂಟಬೇಕು ಎಂಬುದು ಮಾತ್ರ ಆಗಾಗ ಮರೆಯುತ್ತಿತ್ತು.

"ನಿನ್ನೆ ಎಡಗಾಲಲ್ವಾ?" ಎಂದು ಲಮೂನ್ ಒಂದು ದಿನ ಕೇಳಿದಳು.

"ನೋವು ಓಡಾಡುತ್ತೆ ಕಣೇ."

"ಓಡಾಡ್ಲಿ ಬಿಡಿ, ಅದಾದ್ರೂ," ಎಂದು ಅವಳು ಒರಳಿನ ಕಡೆ ತಿರುಗಿದಳು.

ಲಮೂನ್‌ಗೆ ಪೇಟೆಯ ಬಾಯಲ್ಲೇ ಅಂಗಡಿ. ಹಸಿ ಪರಂಗಿಕಾಯಿಯನ್ನು ಎಳೆಎಳೆಯಾಗಿ ಹೆಚ್ಚಿ, ಸೂಜಿಮೆಣಸು, ನಿಂಬೆ, ಮೀನಿನ ರಸ ಹಾಕಿ ಒರಳಲ್ಲಿ ಕುಟ್ಟಿ ಕೊಡುವ ಅವಳ ಕೋಸಂಬರಿಗೆ ಪಕ್ಕದ ಊರಿನಿಂದ ಜನ ಬರುತ್ತಿದ್ದರು. ಒಂದು ವರ್ಷದಿಂದ ಮಾತ್ರ ಅದರ ಹದ ಕೆಟ್ಟಿತ್ತು. ಒಂದು ದಿನ ಉಪ್ಪಿನ ಗಣಿ, ಒಂದು ದಿನ ಬರೀ ಹುಳಿ, ಒಂದು ದಿನ ಕಿವಿಯಲ್ಲಿ ಹೊಗೆ ಬರುವ ಖಾರ. ವಯಸ್ಸಾಯಿತು, ಪಾಪ, ಕೈ ತಪ್ಪುತ್ತಿದೆ ಎಂದುಕೊಂಡು ಮೇಷ್ಟ್ರು ದಿನಾ ಮಧ್ಯಾಹ್ನ ಒಂದು ತಟ್ಟೆ ಪೂರ್ತಿ, ಒಂದು ಮಾತೂ ಆಡದೆ, ತಿಂದು ಮುಗಿಸುತ್ತಿದ್ದರು. ಮೂವತ್ತೆಂಟು ವರ್ಷ ತನ್ನ ಬೆವರಿನ ಬನೀನು ಒಗೆದವಳಿಗೆ ಇಷ್ಟಾದರೂ ಮಾಡಬೇಡವೇ?

ಇಪ್ಪತ್ತಮೂರನೆಯ ದಿನ ಆಸೆಬುರುಕತನ ಮಾಡಿದರು. ಓಡಿದ್ದು ಕುಂಗ್ ಹೇಳಿದಷ್ಟೇ ಲೆಕ್ಕದಲ್ಲಿ. ಆದರೆ ಇನ್ನೊಂದು ಸಲ, ಇನ್ನೊಂದು ಸಲ ಎಂದು ಹೊತ್ತೇರಿದ್ದು ಗೊತ್ತಾಗಲಿಲ್ಲ. ಮೊಣಕಾಲೆತ್ತಿ ಓಡುತ್ತಾ ತಿರುವಿಗೆ ಬಂದರೆ ಎದುರಿನಿಂದ ಕಿತ್ತಳೆ ಬಣ್ಣದ ಕೋಟು ತೊಟ್ಟ ಉವಾನ್ ಮೋಟರ್‌ಸೈಕಲ್ಲಿನಲ್ಲಿ ಬರುತ್ತಿದ್ದಾನೆ! ಕುಂಟೋಣವೆಂದರೆ, ಸರಿಯಾಗಿ ಅದೇ ಗಳಿಗೆಗೆ ಎಂಟು ಗಂಟೆ ಹೊಡೆದು ಶಾಲೆಯ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಶುರುವಾಯಿತು.

ರಾಷ್ಟ್ರಗೀತೆ ಕೇಳಿದರೆ ಎಲ್ಲಿದ್ದವರು ಅಲ್ಲೇ ನಿಲ್ಲಬೇಕು. ಊರಿಗೆಲ್ಲ ಹಾಗೆ ನಿಲ್ಲಲು ಕಲಿಸಿದವರೇ ಥವಿಲ್ ಮೇಷ್ಟ್ರು. ಎರಡೂ ಕಾಲು ಜೋಡಿಸಿ, ಎದೆಯುಬ್ಬಿಸಿ, ಸೆಟೆದು ನಿಂತರು. ಉವಾನ್ ಗಾಡಿ ನಿಲ್ಲಿಸಿ ಇಳಿದು ಹಾಗೆಯೇ ನಿಂತ. ನಡುವೆ ನಾಲ್ಕು ಮಾರು ದೂರ. ಗೀತೆ ಮುಗಿಯುವ ತನಕ ಗುರುಶಿಷ್ಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದರು. ಅಷ್ಟು ಉದ್ದದ ಗೀತೆಯನ್ನು ಮೇಷ್ಟ್ರು ಜನ್ಮದಲ್ಲಿ ಕೇಳಿರಲಿಲ್ಲ.

ಮುಗಿದ ಮೇಲೆ ಉವಾನ್ ಕೈಮುಗಿದ. "ಊರುಗೋಲೆಲ್ಲಿ ಸಾರ್?"

"ಮನೇಲಿ ಮರೆತೆ."

"ಹುಣಸೆಮರದ ಕೆಳಗೆ ಮರೆತಿದ್ದೀರ. ದಿನಾ ಅಲ್ಲೇ ಮರೀತೀರ."

ಮೇಷ್ಟ್ರ ದನಿ ಇಳಿಯಿತು. "ಉವಾನ್, ನೋಡಪ್ಪಾ, ಯಾರಿಗೂ ಹೇಳ್ಬೇಡ."

"ಹೇಳೋಕೆ ಯಾರಾದ್ರೂ ಉಳಿದಿರ್ಬೇಕಲ್ಲ ಸಾರ್? ಭಿಕ್ಷೆಗೆ ಬರೋ ಸ್ವಾಮಿಗಳಿಗೆ ಗೊತ್ತು, ಮೀನಿನೋರಿಗೆ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀವು ಮೂರು ವಾರದಿಂದ ಓಡ್ತಿದ್ದೀರ."

"ಲಮೂನ್‌ಗೆ?"

"ದೊಡ್ಡಮ್ಮಂಗೇ ಮೊದಲು ಗೊತ್ತಾಗಿದ್ದು. ಕುಂಟೋರ ಬನೀನು ಇಷ್ಟು ನಾರುತ್ತೇನೋ ಉವಾನ್ ಅಂತ ಕೇಳಿದ್ರು."

"ಮತ್ತೆ ಯಾಕೆ ಬಾಯಿ ಬಿಟ್ಟಿಲ್ಲ?"

"ಬಲವಂತಕ್ಕೆ ತೀರಿಸಿದ ಹರಕೆ ಅಜ್ಜಂಗೆ ಮುಟ್ಟಲ್ವಂತೆ. ಅವರಾಗೇ ಬರ್ಲಿ ಅಂತಾರೆ." ಉವಾನ್ ತಲೆ ಕೆರೆದುಕೊಂಡ. "ನಿಮಗೆ ಕುದುರೆ ನಾಚಿಕೆ, ಸರಿ. ಆದ್ರೆ ನಮ್ಮ ಗತಿನೂ ನೋಡಿ ಸಾರ್. ದೊಡ್ಡಮ್ಮ ನಾಲಿಗೆಗೆ ಖಾರ ತಾಗಿಸಿ ಹದಿನಾಲ್ಕು ತಿಂಗಳಾಯ್ತು. ಕುಟ್ತಾರೆ, ರುಚಿ ನೋಡಲ್ಲ. ಅಂಗಡಿ ಮುಂದೆ ಯಾರು ಸಿಗ್ತಾರೋ ಅವರ ಕೈಲಿ ನೋಡಿಸ್ತಾರೆ. ನಿನ್ನೆ ನೋಡಿದ್ದು ಐಸ್ ಮಾರೋನು, ಅವನಿಗೆ ನೆಗಡಿ."

"ಖಾರ ಯಾಕೆ ಬಿಟ್ಲು?"

ಉವಾನ್ ಬೆಪ್ಪಾದ. "ನಿಮಗೆ ಗೊತ್ತಿಲ್ವಾ? ನೀವು ಕುದುರೆ ಓಡಿಸೋ ತನಕ ಮೆಣಸು ಮುಟ್ಟಲ್ಲ ಅಂತ ಅಜ್ಜಂಗೆ ಹೇಳಿ ಬಂದಿದ್ದಾರೆ. ಗಂಡನ ಕಾಲು ಮಾತ್ರ ಹರಕೆಗಿಟ್ರೆ ನ್ಯಾಯ ಅಲ್ಲ, ನನ್ನ ನಾಲಿಗೆನೂ ಇರ್ಲಿ ಅಂತ."

ಮದುವೆಯಾದ ಹೊಸದರಲ್ಲಿ ಲಮೂನ್ ಸೂಜಿಮೆಣಸನ್ನು ಕಡಲೆಯಂತೆ ಕಡಿಯುವುದನ್ನು ನೋಡಿ ಮೇಷ್ಟ್ರು ಹೆದರಿದ್ದುಂಟು. ಅಂಥವಳು ಒಂದು ವರ್ಷದಿಂದ ಅನ್ನ, ಆಮ್ಲೆಟ್, ಬೇಯಿಸಿದ ಸೊಪ್ಪು ತಿನ್ನುತ್ತಿದ್ದಾಳೆ. ಹೊಟ್ಟೆಯುರಿ ಇರಬೇಕು ಎಂದುಕೊಂಡಿದ್ದರು, ಕೇಳಿರಲಿಲ್ಲ. ಅದರಲ್ಲಿ ಕಡೆಯ ಇಪ್ಪತ್ತಮೂರು ದಿನದ ಸಪ್ಪೆಯಂತೂ ಬರೀ ತನ್ನ ಜಂಬದ ದೆಸೆಯಿಂದ. ಮೇಷ್ಟ್ರಿಗೆ ನಾಚಿಕೆಯಾಯಿತು. ಬಾಳೆದಂಟಿಗೆ ಆಗುವ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಊರುಗೋಲನ್ನು ಹುಣಸೆಮರದ ಕೆಳಗೇ ಬಿಟ್ಟು ನೆಟ್ಟಗೆ ಮನೆಗೆ ಬಂದರು. ಲಮೂನ್ ಪರಂಗಿಕಾಯಿ ಹೆರೆಯುತ್ತಿದ್ದಳು.

"ಲಮೂನ್, ಹಿತ್ತಲ ಬಾಳೇಲಿ ಒಳ್ಳೆ ಎಲೆ ಇದ್ಯಾ?"

ಅವಳು ತಲೆಯೆತ್ತಲಿಲ್ಲ. "ಇವತ್ತು ಯಾವ ಕಾಲು ಕುಂಟೋದು?"

"ಯಾವುದೂ ಇಲ್ಲ."

ಅವಳ ಕೈಯಲ್ಲಿದ್ದ ಚಾಕು ನಿಂತಿತು. "ಬಾವಿ ಪಕ್ಕದ ಗಿಡದ್ದು ಮುಟ್ಬೇಡಿ, ದಂಟು ಸಣ್ಣ. ಬೇಲಿ ಹತ್ರದ್ದು ತಗೊಳ್ಳಿ. ಮೂರು ವಾರದಿಂದ ನೋಡಿಟ್ಟಿದ್ದೀನಿ," ಎಂದಳು.

ಭಾನುವಾರ ಅರ್ಧ ಪೇಟೆ ಬಾಗಿಲು ಹಾಕಿ ವಿಹಾರಕ್ಕೆ ಬಂತು. ಕುಂಗ್ ಗಡಿಯಾರ ಹಿಡಿದು ನಿಂತಳು. "ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಕುದುರೆ ಯಾವಾಗ್ಲೂ ನಾಗಾಲೋಟದಲ್ಲೇ ಇರುತ್ತಾ ಸಾರ್? ನಡೆಯುತ್ತೆ, ಮೇಯುತ್ತೆ." ಗುಡಿಯ ದೊಡ್ಡ ಸ್ವಾಮಿಗಳು ಅದಕ್ಕೆ ಒಪ್ಪಿದರು. ಕೆನೆತದ ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ. ಮೇಷ್ಟ್ರು ಮೊದಲ ಸುತ್ತು ಮುಗಿಸಿ ಗಂಟಲು ಸರಿಮಾಡಿಕೊಂಡಷ್ಟು ಮೆಲ್ಲಗೆ ಕೆನೆದರು.

"ಕೇಳಿಸಲಿಲ್ಲ," ಎಂದರು ಸ್ವಾಮಿಗಳು.

ಎರಡನೇ ಸಲ ಓಡಿ ಕೆನೆದರು. ಸ್ವಾಮಿಗಳು ಕಿವಿಗೆ ಕೈ ಹಿಡಿದರು. ಮೂರನೇ ಸಲ ಮೇಷ್ಟ್ರು ಮಾನಮರ್ಯಾದೆ ಗಂಟುಕಟ್ಟಿ ಕಾಲುವೆಗೆಸೆದು ಎಂಥ ಕೆನೆತ ಕೆನೆದರೆಂದರೆ ಗುಡಿಯ ನಾಯಿಗಳು ಎದ್ದು ಬೊಗಳಿದವು. "ಒಂದು!" ಎಂದರು ಸ್ವಾಮಿಗಳು.

ಉವಾನ್ ಎಲ್ಲಿಂದಲೋ ಸೀಟಿ ತಂದಿದ್ದ. ಇಪ್ಪತ್ತೈದು ವರ್ಷದ ಬಾಕಿ ಅವನದು. "ಮೊಣಕಾಲು ಮೇಲೆ! ಅಂಗಿ ಹೊರಗೆ ಬಂದಿದೆ ಸಾರ್, ಮೂರು ಸುತ್ತು ಜಾಸ್ತಿ!" ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ವಿಚಿತ್ರವೆಂದರೆ ನಲವತ್ತನೇ ಸುತ್ತಿನ ಹೊತ್ತಿಗೆ ಮೇಷ್ಟ್ರಿಗೂ ನಗು ಬರತೊಡಗಿತು.

ಎಂಬತ್ತನಾಲ್ಕನೇ ಸುತ್ತಿನಲ್ಲಿ ಸೊಂಟದ ಕೀಲು ಚುಳ್ ಎಂದಿತು.

ಅದೇ ಜಾಗ. ಇನ್ನೊಂದು ವರ್ಷ ಹಾಸಿಗೆ, ಇನ್ನೊಂದು ವರ್ಷ ಅವಳಿಗೆ ಸಪ್ಪೆ ಸೊಪ್ಪು. ಓಡುವ ಸರದಿ ಮುಗಿದು ನಡಿಗೆಗಿಳಿದರು. ಮೆಟ್ಟಿಲ ಮೇಲೆ ಲಮೂನ್ ಬೆಳಿಗ್ಗೆ ಕುಟ್ಟಿದ ಕೋಸಂಬರಿಯ ಒರಳು ಪಕ್ಕದಲ್ಲಿಟ್ಟುಕೊಂಡು, ಎಲೆಯಲ್ಲಿ ಸೂಜಿಮೆಣಸು ಹಿಡಿದು ಕೂತಿದ್ದಳು. ಅವಳು ಮಾತ್ರ ನಗುತ್ತಿರಲಿಲ್ಲ. ಅವರ ಸೊಂಟವನ್ನೇ ನೋಡುತ್ತಿದ್ದಳು. ಮೇಷ್ಟ್ರು ಕಿಟಕಿಯಲ್ಲಿ ಕಾಣುತ್ತಿದ್ದ ಕರಿಯಜ್ಜನ ಕಡೆ ತಿರುಗಿ, ತುಟಿಯಲ್ಲೇ, ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಹೇಳಿಬಿಟ್ಟರು.

ಅಜ್ಜ ಕೇಳಿಸಿಕೊಂಡನೋ, ನಾಲ್ಕು ನಿಮಿಷದ ನಡಿಗೆ ಕೆಲಸ ಮಾಡಿತೋ, ಆ ನೋವು ಮತ್ತೆ ಬರಲಿಲ್ಲ. ಓಟ ಶುರುವಾಗಿ ಎರಡು ಗಂಟೆ ದಾಟಿದ ಮೇಲೆ, "ತೊಂಬತ್ತೊಂಬತ್ತು!" ಎಂದು ಇಡೀ ಪೇಟೆ ಕೂಗಿತು.

ಲಮೂನ್ ಒಂದು ಮೆಣಸು ಬಾಯಿಗೆ ಹಾಕಿ ಕಡಿದಳು. ಕಣ್ಣು ಮುಚ್ಚಿದಳು. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಒರಳಿನಿಂದ ಒಂದು ಚಿಟಿಕೆ ಕೋಸಂಬರಿ ತೆಗೆದು ನಾಲಿಗೆಗಿಟ್ಟಳು. ಮುಖ ಕಿವುಚಿಹೋಯಿತು.

"ಥೂ! ಇದೇನಿದು?" ಗಂಡನ ಕಡೆ ತಿರುಗಿದಳು. "ಇದನ್ನ ದಿನಾ ತಿಂತಿದ್ರಾ? ತಟ್ಟೆ ಪೂರ್ತಿ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ."

ಲಮೂನ್ ಅವರನ್ನೇ ನೋಡಿದಳು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ನೆಲ ನೋಡಿದರು. "ಇನ್ನೊಂದು ವಿಷಯ ಇದೆ ಕಣೇ. ಎಂಬತ್ತನಾಲ್ಕರಲ್ಲಿ ಸೊಂಟ ಚುಳ್ ಅಂತು. ಹೆದರಿಕೆಗೆ ಅಜ್ಜಂಗೆ ಒಂದು ಮಾತು ಹೇಳ್ಬಿಟ್ಟೆ. ಮುಗಿಸೋಕೆ ಬಿಡು, ಅಂತ."

"ಬಿಟ್ನಲ್ಲ?"

"ಬಿಟ್ಟ. ಅದಕ್ಕೆ ಬದಲು ನೀನು ಒಂಬತ್ತು ಸುತ್ತು ಓಡ್ತೀಯ ಅಂತ ಹೇಳಿದ್ದೀನಿ."

ಉವಾನ್‌ನ ಬಾಯಿಂದ ಸೀಟಿ ಬಿತ್ತು. ಮೂವತ್ತೆಂಟು ವರ್ಷದಲ್ಲಿ ಲಮೂನ್ ಬಸ್ಸಿಗೂ ಓಡಿದವಳಲ್ಲ. ಹೋದರೆ ಹೋಗಲಿ, ಇನ್ನೊಂದು ಬರುತ್ತದೆ ಎನ್ನುವವಳು.

"ನನ್ನ ಕೇಳದೆ?"

"ನಿನ್ನ ಹತ್ರಾನೇ ಕಲಿತಿದ್ದು," ಎಂದರು ಮೇಷ್ಟ್ರು.

ಲಮೂನ್ ಎದ್ದಳು. ಲುಂಗಿಯ ನೆರಿಗೆ ಎತ್ತಿ ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು. ಗಂಡನ ಕೈಯಿಂದ ಕುದುರೆ ಕಿತ್ತುಕೊಂಡು, ಬಗ್ಗಿದ ಕಿವಿಯೊಂದನ್ನು ನೆಟ್ಟಗೆ ಮಾಡಿದಳು.

"ಊರಿಗೆಲ್ಲ ಓಡೋದು ಕಲಿಸಿದ್ರಿ. ನಂಗೊಂದು ದಿನ ಕಲಿಸ್ಲಿಲ್ಲ. ಹ್ಯಾಗೆ ಓಡೋದು ಹೇಳಿ, ಮೇಷ್ಟ್ರೇ."

ಮೇಷ್ಟ್ರು ಅವಳ ಪಕ್ಕಕ್ಕೆ ಬಂದು ನಿಂತರು. "ಮೊದಲು ಒಂದು ನಿಮಿಷ. ಮೆಲ್ಲಗೆ. ನಾನು ಪಕ್ಕದಲ್ಲೇ ಇರ್ತೀನಿ."

ಮೊದಲ ಸುತ್ತಿಗೇ ಅವಳು ಕೆನೆದದ್ದು ಪೇಟೆಯ ಆ ತುದಿಗೆ ಕೇಳಿಸಿತು. ಸ್ವಾಮಿಗಳು ಕಿವಿಗೆ ಕೈ ಹಿಡಿಯುವ ಪ್ರಮೇಯವೇ ಬರಲಿಲ್ಲ. ಹಿಂದಿನಿಂದ ಕುಂಗ್, "ಸಾರ್! ನಿಮ್ಮ ನಿಮಿಷ ಮುಗೀತು ಸಾರ್, ನಡೀರಿ!" ಎಂದು ಕೂಗುತ್ತಲೇ ಇದ್ದಳು. ಮೇಷ್ಟ್ರು ಮೊದಲಿಂದಲೂ ನಡೆಯುತ್ತಲೇ ಇದ್ದರು. ಲಮೂನ್ ಓಡುತ್ತಿದ್ದ ವೇಗಕ್ಕೆ ಪಕ್ಕದಲ್ಲಿ ನಡೆದರೆ ಸಾಕಾಗಿತ್ತು.