ಮಣ್ಣಿನ ಸಿಪಾಯಿಯ ಅಂಗಿ

"ಇವು ಸಿಪಾಯಿಗೋಳೇನಲೇ? ಜ್ವಾಳದ ಚೀಲ ಹೊದ್ದ ಹಮಾಲರು!"

ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು, ದಸ್ತಗೀರ್ ಸಾಬರ ಟೇಲರ್ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದವರಿಗೆಲ್ಲ ಕಾಣುವಂತೆ ಡ್ರಾಯಿಂಗ್ ಮಾಸ್ತರ ಶರಣಯ್ಯನವರು ಮಣ್ಣಿನ ಗೊಂಬೆಯೊಂದನ್ನು ಕಾಲು ಹಿಡಿದು ಎತ್ತಿದರು. "ಕುರಿ ಹಿಂದ ಅಡ್ಡಾಡೋನ ಕೈಯಾಗ ಕತ್ತರಿ ಕೊಟ್ರ ಮತ್ತೇನಾಗ್ತದ? ಆರನೇತ್ತ ಮುಗಸ್ಲಿಲ್ಲ, ಮಿಲಿಟ್ರಿ ಡ್ರೆಸ್ ಹೊಲೀತಾನಂತ!"

ಮಂದಿ ಚಹಾ ಚೆಲ್ಲುವಂತೆ ನಕ್ಕರು. ಅಂಗಡಿಯೊಳಗೆ ಮಷಿನ್ನಿನ ಮುಂದೆ ಕೂತಿದ್ದ ಕನಕಪ್ಪನ ಕಿವಿ ಕಾದ ಹಂಚಾದವು.

ಎಪ್ಪತ್ನಾಲ್ಕರ ಜನವರಿ. ರಾಯಚೂರಿನ ವಸ್ತುಪ್ರದರ್ಶನಕ್ಕೆ ಎಪ್ಪತ್ತೊಂದರ ಯುದ್ಧದ ದೃಶ್ಯ ಮಾಡುವ ಕೆಲಸವನ್ನು ಮಾಸ್ತರರು ಹಿಡಿದಿದ್ದರು. ಅರ್ಧ ಗೇಣಿನ ಮಣ್ಣಿನ ಸಿಪಾಯಿಗಳು ಅವರವು. ಬಟ್ಟೆ ತೊಡಿಸುವ ಕೆಲಸ ದಸ್ತಗೀರ್ ಸಾಬರ ಅಂಗಡಿಯದು, ಅಂದರೆ ಕನಕಪ್ಪನದು.

ಬೈಗುಳಕ್ಕಿಂತ ಹೆಚ್ಚು ಉರಿದದ್ದು ಬೇರೆ: ಅಂಗಿಯ ಮಟ್ಟಿಗೆ ಮಾಸ್ತರರು ಅಂದದ್ದು ಖರೆ. ಒಳ್ಳೆಯ ಟೇಲರ್ ಹೇಗೆ ಹೊಲಿಯಬೇಕೋ ಹಾಗೇ ಅವನು ಹೊಲಿದಿದ್ದ. ಗಟ್ಟಿ ಖಾಕಿ ತಂದು, ಅಂಚನ್ನು ಎರಡು ಸಲ ಮಡಿಸಿ, ಮೇಲೆ ಇಸ್ತ್ರಿ ಬೇರೆ. ಆರಡಿ ಆಳಿಗೆ ಸರಿಹೋಗುವ ಮಡಿಕೆ ಅರ್ಧ ಗೇಣಿನವನ ಮೈಮೇಲೆ ಗಾದಿಯ ಅಂಚಾಗಿ ಕೂತಿತ್ತು.

"ಬಿಡೋ ಬೇಟಾ," ಎಂದರು ದಸ್ತಗೀರ್ ಸಾಬ್. "ನಮ್ದು ದೊಡ್ಡ ಮಂದಿ ಬಟ್ಟಿ ಹೊಲಿಯೋ ಕೈ."

"ಬಿಡಂಗಿಲ್ಲ ಚಾಚಾ. ರಾಯಚೂರಾಗ ಆ ಮಾಸ್ತರನ ಮೇಜಿನ ಬಾಜೂಕ ನನ್ನ ಸಿಪಾಯಿ ನಿಂದರಬೇಕು. ನನ್ನ ಹೆಸರಿಲೇ ನಿಂದರಬೇಕು."

ಮರುದಿನವೇ ಬಸ್ಸು ಹತ್ತಿ ತನ್ನೂರು ದೇವದುರ್ಗಕ್ಕೆ ಹೋದ. ಅಂಗಳದಲ್ಲಿ ಅವ್ವ ಯಂಕಮ್ಮ ಕಂಬಳಿ ನೇಯುವ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದಳು. ಕುಂಚ ಆಡಿದಲ್ಲೆಲ್ಲ ಕೆದರಿದ ಉಣ್ಣೆಯ ಕೂದಲು ತೆಪ್ಪಗೆ ಮಲಗುತ್ತಿತ್ತು. ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಇವತ್ತು ಕನಕಪ್ಪ ನಿಂತಲ್ಲೇ ನಿಂತು ನೋಡಿದ.

"ಯವ್ವಾ, ಒಂದು ಬಟ್ಟಲ ಗಂಜಿ ಕೊಡು."

"ಹಸಿವಾದ್ರ ರೊಟ್ಟಿ ತಿನ್ನು. ಹುಣಸಿಬೀಜದ ಗಂಜಿ ಕುಡಿತಾರೇನು, ಮೂಳ?"

ಟ್ರಂಕಿನಲ್ಲಿ ಅಪ್ಪನ ಹಳೆಯ ಧೋತರವಿತ್ತು. ಒಗೆದೊಗೆದು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದಕ್ಕೆ ಹಸಿರು ಬಣ್ಣ ಹಾಕಿದ. ಮಡಿಕೆ ಬಿಟ್ಟ, ಸೂಜಿಯನ್ನೂ ಬಿಟ್ಟ. ಕತ್ತರಿಸಿದ ತುಂಡನ್ನು ಗಂಜಿಯಲ್ಲಿ ಅದ್ದಿ, ತಾನೇ ತಟ್ಟಿ ಒಣಗಿಸಿದ ಮಣ್ಣಿನ ಆಳಿನ ಮೈಗೆ ಇಳಿಬಿಟ್ಟು, ಜಾಲಿಮುಳ್ಳಿನಿಂದ ಒಂದೊಂದೇ ನೆರಿಗೆ ಒತ್ತಿದ. ಮೊದಲ ಮೂರು ಅಂಗಿ ಒಣಗಿ ಬಿರಿದವು. ಗಂಜಿಗೆ ನೀರು ಹೆಚ್ಚಿಸಿದ. ನಾಲ್ಕನೆಯದು ಉಟ್ಟ ಬಟ್ಟೆಯ ಹಾಗೆ ಮೈಗೆ ಬಿತ್ತು.

ನೆರಿಗೆ ಎಲ್ಲಿ ಬೀಳಬೇಕು? ತಾನೇ ಅಂಗಳದಲ್ಲಿ ಮೊಳಕಾಲೂರಿ, ಕಸಬರಿಗೆಯನ್ನು ಬಂದೂಕಿನ ಹಾಗೆ ಹಿಡಿದ. "ಯವ್ವಾ, ನೋಡು, ಅಂಗಿ ಎಲ್ಲೆಲ್ಲಿ ಮುದುಡ್ಯದ?"

"ಬಗಲಾಗ. ಮೊಳಕೈ ಒಳಗ. ತಲಿಯೊಳಗೂ ಏನೋ ಮುದುಡ್ಯದ ನಿಂದು!"

ರಾಯಚೂರಿಗೆ ಹೋಗಿ ಪೊಲೀಸ್ ಮೈದಾನದ ಬೇಲಿಯಾಚೆ ಎರಡು ದಿನ ನಿಂತು ಕವಾಯತು ನೋಡಿ ಬಂದ. ಹನ್ನೆರಡು ಸಿಪಾಯಿಗಳಾದರು.

ಪ್ರದರ್ಶನದ ಬಾಗಿಲಲ್ಲಿ ವಸ್ತುಗಳನ್ನು ಬರೆದುಕೊಳ್ಳುತ್ತಿದ್ದ ಜಾಹೆದಾ ಟೀಚರ್ ಕೇಳಿದರು, "ಯಾವ ಸಾಲಿ?"

"ಯಾವ ಸಾಲೀನೂ ಅಲ್ರಿ. ನನ್ನವ."

ಅವರು ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಪೆನ್ನು ಕೆಳಗಿಟ್ಟು, ಮತ್ತೆ ಇಣುಕಿದರು. "ಮಾಸ್ತರ್ ಮೇಜಿನ ಬಾಜೂಕ ಜಾಗ ಅದ. ಇಡು."

ಬಹುಮಾನಕ್ಕೆ ಆರಿಸಲು ಬಂದವರು ನಿವೃತ್ತ ಸುಬೇದಾರ್ ಸೈಫುದ್ದೀನ್. ಮಾಸ್ತರರ ಸಿಪಾಯಿಗಳು ಈಗ ಬಟ್ಟೆಯ ಬದಲು ಎಣ್ಣೆಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿದ್ದರು. ಸುಬೇದಾರರು "ಛಲೋ ಅವ" ಎಂದು ಮುಂದೆ ಸಾಗಿ, ಗಕ್ಕನೆ ನಿಂತರು. ಕನಕಪ್ಪನ ಒಬ್ಬ ಸಿಪಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರು.

"ಇವನ ಬಲಗಡಿ ಮೊಳಕಾಲಿಗಷ್ಟೇ ಕೆಸರು ಯಾಕ?"

"ಗುರಿ ಹಿಡಿವಾಗ ಅದನ್ನ ನೆಲಕ್ಕ ಊರ್ತಾರಲ್ರೀ ಸಾಹೇಬ್ರ. ಎಡಗಾಲು ಮ್ಯಾಲೇ ಇರ್ತದ."

"ಹೆಗಲ ಮ್ಯಾಲ ಬಟ್ಟಿ ಸವದಂಗದ?"

"ಬಂದೂಕಿನ ಪಟ್ಟಿ ತಿಕ್ಕಿ ತಿಕ್ಕೀರಿ."

ಸುಬೇದಾರರು ತಮ್ಮ ಹೆಗಲನ್ನೊಮ್ಮೆ ಮುಟ್ಟಿಕೊಂಡರು. "ಅರೇ ವಾಹ್! ನನ್ನ ಪಲ್ಟನ್ನೇ ಬಂದು ನಿಂತದಲ್ಲೋ! ಇವರನ್ನ ನಡುವಿನ ಮೇಜಿಗೆ ಇಡ್ರಿ. ಮೊದಲನೇ ನಂಬರ್!"

ಮಂದಿ ಮುಗಿಬಿದ್ದರು. ಒಬ್ಬ ಮುದುಕಪ್ಪ ಬೆರಳ ತುದಿಯಿಂದ ಅಂಗಿಯ ನೆರಿಗೆ ಎತ್ತಲು ಹೋಗಿ, ಅದು ಗಟ್ಟಿಯಾಗಿದ್ದದ್ದು ಕಂಡು ಕೈ ಹಿಂದೆಳೆದುಕೊಂಡ. ಕನಕಪ್ಪನ ಎದೆಯಲ್ಲಿ ಡೊಳ್ಳು ಬಾರಿಸಿದಂತಾಯಿತು. ಜಾಹೆದಾ ಟೀಚರ್ ರಟ್ಟಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಕನಕಪ್ಪ, ದೇವದುರ್ಗ.

ಆಗ ಶರಣಯ್ಯ ಮಾಸ್ತರರು ಗುಂಪು ಸರಿಸಿಕೊಂಡು ಬಂದು ಅವನ ಭುಜದ ಮೇಲೆ ಕೈ ಹಾಕಿದರು. "ಇವ ನಮ್ಮ ಹುಡುಗರೀ ಸಾಹೇಬ್ರ! ನಮ್ಮ ಮಾನ್ವ್ಯಾಗ ತಯಾರಾದವ. ನಾನೇ ತಿದ್ದಿ ತೀಡೀನಿ. ಹೌದಿಲ್ಲೋ ಕನಕಪ್ಪ? ಹೇಳು, ಹೇಳು."

ಸುಬೇದಾರರು ಕನಕಪ್ಪನ ಮುಖ ನೋಡಿದರು. ಮಂದಿಯೂ ನೋಡಿದರು. ಮಾಸ್ತರರ ನಗು ತುಟಿಯ ಮೇಲೇ ನಿಂತಿತು.

ಕನಕಪ್ಪ ಭುಜದ ಮೇಲಿನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಳಿಸಿದ. ಚೀಟಿಯ ಮೇಲಿನ ತನ್ನ ಹೆಸರಿನ ಮಸಿ ಆರಿದ್ದನ್ನು ನೋಡಿಕೊಂಡ. ಖಾಲಿ ಪೆಟ್ಟಿಗೆಯನ್ನು ಬಗಲಲ್ಲಿ ಇರುಕಿಕೊಂಡು, ದಾರಿ ಬಿಟ್ಟ ಮಂದಿಯ ನಡುವೆ ಬಾಗಿಲ ಕಡೆ ನಡೆದ.